ಲಸಿಕೆಯ ಲೆಕ್ಕ

ದೇಶದ ಮಕ್ಕಳಲ್ಲಿ ನೂರಕ್ಕೆ ಇಷ್ಟು ಮಂದಿಗೆ ಲಸಿಕೆಗಳೆಲ್ಲವೂ ಸಂದಿವೆ ಎಂಬ ವಾಕ್ಯವನ್ನು ನಾವು ಆಗಾಗ್ಗೆ ಪತ್ರಿಕೆಗಳಲ್ಲಿ ಓದುತ್ತೇವೆ. ಓದಿ, ಸಂತೋಷವನ್ನೋ ಅಸಮಾಧಾನವನ್ನೋ ಪಟ್ಟು, ಮುಂದಿನ ಸುದ್ದಿಗೆ ಹೋಗುತ್ತೇವೆ. ಆ ಅಂಕಿ ಎಲ್ಲಿಂದ ಬಂದಿತು, ಯಾರು ಎಣಿಸಿದರು, ಯಾವುದನ್ನು ಎಣಿಸಿದರು, ಎಣಿಕೆಗೆ ಸಿಕ್ಕದೆ ಉಳಿದವರು ಯಾರು ಎಂದು ವಿಚಾರಿಸುವವರು ವಿರಳ. ಲೆಕ್ಕವಿಡುವುದು ಗುಮಾಸ್ತರ ಕೆಲಸ, ರೋಗವನ್ನು ತಡೆಯುವುದು ವೈದ್ಯರ ಕೆಲಸ ಎಂದು ನಾವು ಭಾವಿಸಿರುವುದೇ ಇದಕ್ಕೆ ಕಾರಣವಿರಬಹುದು. ಆದರೆ ಲಸಿಕೆಯ ವಿಷಯದಲ್ಲಿ ಈ ಎರಡು ಕೆಲಸಗಳನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಲೆಕ್ಕದಲ್ಲಿ ಎಲ್ಲಿ ಬಿರುಕಿದೆಯೋ ಅಲ್ಲಿಂದಲೇ ರೋಗವು ಒಳಹೊಕ್ಕಿರುವುದನ್ನು ನಮ್ಮ ದೇಶದ ಅನುಭವವೇ ತೋರಿಸುತ್ತದೆ. ಆ ಸಂಗತಿಯನ್ನು ಈ ಹೊತ್ತು ಕೇಳುಗರ ಮುಂದೆ ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ಒಂದು ಮದುವೆಯ ಮನೆಯನ್ನು ನೆನೆದುಕೊಳ್ಳೋಣ. ಪಂಕ್ತಿಗಳೆಲ್ಲ ಮುಗಿದ ಮೇಲೆ ಮನೆಯ ಯಜಮಾನರು ಅಡಿಗೆಯವರನ್ನು ಕರೆದು, "ಎಲ್ಲರದೂ ಊಟವಾಯಿತೇನಪ್ಪ?" ಎಂದು ಕೇಳುತ್ತಾರೆ. "ಐನೂರು ಎಲೆ ಹಾಕಿದ್ದೇವೆ, ಸ್ವಾಮಿ" ಎಂದು ಉತ್ತರ ಬರುತ್ತದೆ. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ಆದರೆ ಯಜಮಾನರು ಕೇಳಿದ್ದು ಎಲೆಯ ಲೆಕ್ಕವನ್ನಲ್ಲ. ಐನೂರು ಎಲೆಗಳಲ್ಲಿ ಒಬ್ಬರೇ ಎರಡು ಪಂಕ್ತಿಯಲ್ಲಿ ಕುಳಿತದ್ದು ಎಷ್ಟು, ಕರೆಯದೆ ಬಂದವರದು ಎಷ್ಟು, ಕರೆದಿದ್ದರೂ ಹಿತ್ತಿಲಿನಲ್ಲಿ ಹಸಿದು ನಿಂತವರು ಎಷ್ಟು ಎಂಬುದು ಎಲೆಯ ಲೆಕ್ಕದಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಕರೆದವರ ಪಟ್ಟಿ ಬೇಕು. ಆ ಪಟ್ಟಿಯೂ ಸರಿಯಾಗಿರಬೇಕು. ಶಾಲೆಯ ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಎಲೆಯ ಸಂಖ್ಯೆ ಭಿನ್ನರಾಶಿಯ ಅಂಶ. ಊಟ ಮಾಡಬೇಕಾದವರ ಸಂಖ್ಯೆ ಅದರ ಛೇದ. ಲಸಿಕೆಯ ಶೇಕಡಾವಾರು ಲೆಕ್ಕದಲ್ಲಿ ತೊಡಕೆಲ್ಲ ಹುಟ್ಟುವುದು ಬಹುಮಟ್ಟಿಗೆ ಈ ಛೇದದಲ್ಲಿ.

ಸಿಡುಬಿನ ನಿರ್ಮೂಲನೆಗಾಗಿ ನಡೆದ ಪ್ರಯತ್ನದಲ್ಲಿ ಭಾರತವು ಈ ಪಾಠವನ್ನು ಬಹಳ ಕಷ್ಟದಿಂದ ಕಲಿತುಕೊಂಡಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯು ಮೂರು ವರ್ಷಗಳೊಳಗೆ ಜನಸಂಖ್ಯೆಯಲ್ಲಿ ನೂರಕ್ಕೆ 80 ಮಂದಿಗಾದರೂ ದೇವಿ ಹಾಕಬೇಕೆಂಬ ಗುರಿಯನ್ನಿಟ್ಟುಕೊಂಡಿತ್ತು. ದೇವಿ ಹಾಕುವವರು ಊರೂರು ತಿರುಗಿದರು. ವರದಿಗಳಲ್ಲಿ ಕೋಟಿಗಟ್ಟಲೆ ಲಸಿಕೆಗಳು ಕಾಣಿಸಿಕೊಂಡವು. ಆದರೂ ಸಿಡುಬು ಹೋಗಲಿಲ್ಲ. ವಿಚಾರಿಸಿ ನೋಡಲಾಗಿ, ಸುಲಭವಾಗಿ ಕೈಗೆ ಸಿಕ್ಕುವವರಿಗೆ, ಮುಖ್ಯವಾಗಿ ಶಾಲೆಯ ಮಕ್ಕಳಿಗೆ, ಮತ್ತೆಮತ್ತೆ ದೇವಿ ಹಾಕಿದ್ದುದೂ, ಹೆಸರು ದಾಖಲಾಗದ ಹಸುಳೆಗಳೂ ಊರೂರು ಅಲೆಯುವ ಕೂಲಿಕಾರರೂ ಉಳಿದುಹೋಗಿದ್ದುದೂ ಗೊತ್ತಾಯಿತು. ಎಲೆಗಳೇನೋ ಖರ್ಚಾಗಿದ್ದವು, ಹಸಿದವರು ಹಿತ್ತಿಲಲ್ಲಿಯೇ ಇದ್ದರು. ಕೊನೆಗೆ ಯಶಸ್ಸು ತಂದುಕೊಟ್ಟದ್ದು ಬೇರೊಂದು ಕ್ರಮ. 1973ರಿಂದ ಆರೋಗ್ಯ ಇಲಾಖೆಯವರು ಸಿಡುಬಾದ ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆಮನೆಗೂ ಹೋಗಿ, ರೋಗವಿರುವ ಸ್ಥಳವನ್ನು ಹುಡುಕಿ, ಅದರ ಸುತ್ತಮುತ್ತಲಿನವರಿಗೆಲ್ಲ ದೇವಿ ಹಾಕಿದರು. 1975ರ ಮೇ ತಿಂಗಳಿನಲ್ಲಿ ದೇಶದ ಕೊನೆಯ ಸಿಡುಬಿನ ರೋಗಿ ಪತ್ತೆಯಾಯಿತು. 1980ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು.

ಸಿಡುಬಿನ ಕಾಲದಲ್ಲಿ ಎಣಿಸುವವರಿಗೆ ಒಂದು ಅನುಕೂಲವಿತ್ತು. ನಮ್ಮ ಹಿರಿಯರ ತೋಳಿನ ಮೇಲೆ ಕಾಣುವ ದೇವಿಯ ಕಲೆಯನ್ನು ನೋಡದವರು ಯಾರಿದ್ದಾರೆ? ಆ ಕಲೆಯೇ ಒಂದು ದಾಖಲೆಯಾಗಿತ್ತು. ಪರೀಕ್ಷಕನು ತೋಳನ್ನು ನೋಡಿದರೆ ಸಾಕು, ಪುಸ್ತಕದ ಸಾಕ್ಷ್ಯ ಬೇಕಾಗಿರಲಿಲ್ಲ. ಈ ಕಾಲದ ಲಸಿಕೆಗಳಲ್ಲಿ ಕ್ಷಯರೋಗದ ಬಿ.ಸಿ.ಜಿ.ಯೊಂದನ್ನು ಬಿಟ್ಟರೆ ಉಳಿದವು ಬಹುಮಟ್ಟಿಗೆ ಗುರುತನ್ನು ಉಳಿಸುವುದಿಲ್ಲ. ತೊಡೆಗೆ ಚುಚ್ಚಿದ್ದು ಎರಡು ದಿನಗಳಲ್ಲಿ ಮಾಯುತ್ತದೆ. ಬಾಯಿಗೆ ಹಾಕಿದ ಹನಿ ಕ್ಷಣದಲ್ಲಿ ಕರಗುತ್ತದೆ. ಆದುದರಿಂದ ಶರೀರವು ಹಿಂದೆ ಹೇಳುತ್ತಿದ್ದ ಸಾಕ್ಷ್ಯವನ್ನು ಈಗ ಕಾಗದವು ಹೇಳಬೇಕಾಗಿದೆ.

ಕಾಗದದ ಸಾಕ್ಷ್ಯವನ್ನು ಸಂಗ್ರಹಿಸುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ದಿನದಿನದ ದಾಖಲೆಯ ಮಾರ್ಗ. ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದರಂತೆ ಆರೋಗ್ಯ ಉಪಕೇಂದ್ರಗಳನ್ನು ಗೊತ್ತುಮಾಡಿದ್ದಾರೆ. ಅಲ್ಲಿಯ ದಾದಿಯು ಗರ್ಭಿಣಿಯರ ಮತ್ತು ಹುಟ್ಟಿದ ಮಕ್ಕಳ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ಯಾವ ಮಗುವಿಗೆ ಯಾವ ದಿನ ಯಾವ ಲಸಿಕೆ ಬಾಕಿಯಿದೆ ಎಂದು ಪಟ್ಟಿಮಾಡುತ್ತಾಳೆ. ಹುಟ್ಟಿದೊಡನೆಯೇ ಬಿ.ಸಿ.ಜಿ.; ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ವ್ಯಾಧಿಗಳ ವಿರುದ್ಧವಾದ ಒಂದೇ ಚುಚ್ಚುಮದ್ದು; ಒಂಬತ್ತು ತಿಂಗಳು ತುಂಬಿದಾಗ ದಡಾರದ ಮೊದಲ ಲಸಿಕೆ; ಎರಡನೆಯ ವರ್ಷದಲ್ಲಿ ಅದರ ಎರಡನೆಯ ಲಸಿಕೆ. ಹಾಕಿದ್ದನ್ನು ಪುಸ್ತಕದಲ್ಲಿಯೂ ತಾಯಿಯ ಕೈಯಲ್ಲಿರುವ ಕಾರ್ಡಿನಲ್ಲಿಯೂ ಬರೆಯುತ್ತಾಳೆ. ತಿಂಗಳ ಕೊನೆಗೆ ಈ ಲೆಕ್ಕವು ತಾಲ್ಲೂಕು, ಜಿಲ್ಲೆ, ರಾಜ್ಯಗಳನ್ನು ದಾಟಿ ದೆಹಲಿಯನ್ನು ಸೇರುತ್ತದೆ.

ಇಲ್ಲಿ ಅಂಶ ಸಿಕ್ಕಿತು; ಛೇದವೆಲ್ಲಿ? ಜನಗಣತಿಯಿಂದ ಊರಿನ ಜನಸಂಖ್ಯೆಯನ್ನು ತೆಗೆದುಕೊಂಡು, ಸಾವಿರಕ್ಕೆ ವರ್ಷಕ್ಕಿಷ್ಟು ಜನನವೆಂದು ಗುಣಿಸಿ, ಮಕ್ಕಳ ಸಂಖ್ಯೆಯನ್ನು ಊಹಿಸುವುದು ರೂಢಿ. ಉದಾಹರಣೆಗಾಗಿ, 5,000 ಜನರಿರುವಲ್ಲಿ ಸಾವಿರಕ್ಕೆ 18ರಂತೆ 90 ಕೂಸುಗಳೆಂದು ಇಟ್ಟುಕೊಳ್ಳೋಣ. ದಾದಿಯು 85 ಮಕ್ಕಳಿಗೆ ಲಸಿಕೆ ಹಾಕಿದರೆ ನೂರಕ್ಕೆ 94 ಎಂದು ವರದಿಯಾಗುತ್ತದೆ. ಆದರೆ ಆ ವರ್ಷ ಊರ ಹೊರಗೆ ಇಟ್ಟಿಗೆಯ ಗೂಡುಗಳು ಎದ್ದು, ಕೂಲಿಯವರ ಸಂಸಾರಗಳು ಬಂದು, ಕೂಸುಗಳು ನಿಜವಾಗಿ 100 ಇದ್ದರೆ? ಆಗ ನಿಜವಾದ ಪ್ರಮಾಣ ನೂರಕ್ಕೆ 85 ಮಾತ್ರ. ಉಳಿದ 15 ಮಕ್ಕಳಲ್ಲಿ ಹತ್ತು ಮಂದಿ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ! ನೆರೆಯೂರಿನ ಮಕ್ಕಳೂ ಬಂದು 95 ಲಸಿಕೆಗಳು ಖರ್ಚಾದರೆ ವರದಿಯು ನೂರಕ್ಕೆ 105ಕ್ಕೂ ಏರುತ್ತದೆ. ನೂರನ್ನು ಮೀರಿದ ಇಂಥ ಶೇಕಡಾವಾರುಗಳು ಅನೇಕ ದೇಶಗಳ ಕಡತಗಳಲ್ಲಿ ಕಾಣಸಿಗುತ್ತವೆ. ದಾದಿಯು ಮೋಸ ಮಾಡಿದಳೆಂದು ಅದರ ಅರ್ಥವಲ್ಲ. ಛೇದವು ಹಳತಾಯಿತೆಂದು ಅರ್ಥ. ನಮ್ಮಲ್ಲಿ 2011ರ ಜನಗಣತಿಯಾದ ಮೇಲೆ 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ. ಹೀಗೆ ಹತ್ತು ವರ್ಷಗಳಿಗೂ ಮೀರಿ ಹಳೆಯ ಎಣಿಕೆಯನ್ನೇ ಹಿಗ್ಗಿಸಿ ಛೇದವನ್ನು ಮಾಡಿಕೊಳ್ಳಬೇಕಾಯಿತು.

ಎರಡನೆಯದು ಮನೆಯ ಬಾಗಿಲಿಗೆ ಹೋಗಿ ಕೇಳುವ ಮಾರ್ಗ. ಎಲ್ಲ ಮನೆಗಳಿಗೂ ಹೋಗುವುದು ಸಾಧ್ಯವಿಲ್ಲವಾದುದರಿಂದ ಮಾದರಿಯನ್ನು ಆರಿಸಬೇಕಾಗುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳನ್ನು ಹಿಚುಕುವುದುಂಟು. ಆದರೆ ಊರಿನ ಜನ ಒಂದೇ ಪಾತ್ರೆಯಲ್ಲಿ ಸಮನಾಗಿ ಬೆಂದ ಅನ್ನವಲ್ಲ. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 1970ರ ದಶಕದ ಕೊನೆಯಿಂದ ಒಂದು ಸುಲಭ ಕ್ರಮವನ್ನು ಬಳಕೆಗೆ ತಂದಿತು. ಒಂದು ಪ್ರಾಂತದಲ್ಲಿ ಮೂವತ್ತು ಊರು ಅಥವಾ ಕೇರಿಗಳನ್ನು ಜನಸಂಖ್ಯೆಗೆ ಅನುಗುಣವಾಗಿ ಚೀಟಿಯೆತ್ತಿದಂತೆ ಆರಿಸುವುದು. ಒಂದೊಂದರಲ್ಲಿಯೂ ಒಂದು ಮನೆಯಿಂದ ಹೊರಟು, ಪಕ್ಕದ ಮನೆಗೆ, ಅದರ ಪಕ್ಕದ ಮನೆಗೆ ಹೋಗುತ್ತ, ವರ್ಷ ತುಂಬಿ ಎರಡು ವರ್ಷ ತುಂಬದ ಏಳು ಮಕ್ಕಳನ್ನು ನೋಡುವುದು. ಒಟ್ಟು 210 ಮಕ್ಕಳು. ಇಷ್ಟರಿಂದಲೇ ಇಡೀ ಪ್ರಾಂತದ ಪ್ರಮಾಣವು ಹತ್ತು ಅಂಕಗಳಷ್ಟು ಹೆಚ್ಚುಕಡಿಮೆಯೊಳಗೆ ತಿಳಿಯುತ್ತದೆ. ಒಂದನೆಯ ವರ್ಷದ ಲಸಿಕೆಗಳೆಲ್ಲ ಆ ವಯಸ್ಸಿಗೆ ಮುಗಿದಿರಬೇಕಾದುದರಿಂದ ಆ ವಯಸ್ಸಿನ ಮಕ್ಕಳನ್ನೇ ನೋಡುತ್ತಾರೆ. ಈ ಕ್ರಮಕ್ಕೂ ದೋಷವುಂಟು. ಮೊದಲ ಮನೆ ಸಾಮಾನ್ಯವಾಗಿ ಊರ ನಡುವೆ, ದಾರಿಯ ಪಕ್ಕದಲ್ಲಿ ಬೀಳುತ್ತದೆ. ಊರಾಚೆಯ ಗುಡಿಸಲುಗಳು ತಪ್ಪಿಹೋಗುತ್ತವೆ. ಈಚೆಗೆ ಇದನ್ನು ತಿದ್ದಿ, ಮೊದಲು ಮನೆಗಳೆಲ್ಲವನ್ನೂ ಪಟ್ಟಿಮಾಡಿ ಆಮೇಲೆ ಆರಿಸುವ ಕ್ರಮವನ್ನು ಸೂಚಿಸಿದ್ದಾರೆ.

ನಮ್ಮ ದೇಶದಲ್ಲಿ ಈ ಬಗೆಯ ವಿಚಾರಣೆಗಳಲ್ಲಿ ಪ್ರಸಿದ್ಧವಾದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ವಿಚಾರಿಸುವವರು ಮೊದಲು ಕಾರ್ಡನ್ನು ತೋರಿಸಲು ಕೇಳುತ್ತಾರೆ. ಕಾರ್ಡಿಲ್ಲದಿದ್ದರೆ, ತೋಳಿನಲ್ಲಿ ಕಲೆ ಉಳಿಯುವ ಚುಚ್ಚುಮದ್ದು ಆಗಿದೆಯೇ, ಬಾಯಿಗೆ ಹನಿ ಹಾಕಿಸಿದಿರಾ, ಎಷ್ಟು ಸಲ ಎಂದು ತಾಯಿಯ ನೆನಪನ್ನು ಕೆದಕುತ್ತಾರೆ. ನಾಲ್ಕು ಮಕ್ಕಳನ್ನು ಹೆತ್ತು ಹೊಲಗದ್ದೆಗಳಲ್ಲಿ ದುಡಿಯುವ ತಾಯಿಗೆ ಮೂರನೆಯ ಮಗುವಿನ ಎರಡನೆಯ ಚುಚ್ಚುಮದ್ದು ನೆನಪಿರಬೇಕೆಂದು ಬಯಸುವುದು ನ್ಯಾಯವಲ್ಲ. ಆದುದರಿಂದ ಕಾರ್ಡಿನ ಬೆಲೆ ಇಲ್ಲಿ ತಿಳಿಯುತ್ತದೆ. ಬಿ.ಸಿ.ಜಿ., ದಡಾರದ ಒಂದು ಲಸಿಕೆ, ಮೂರುಮೂರು ಸಲದ ಪೋಲಿಯೋ ಮತ್ತು ಗಂಟಲಮಾರಿ ಮೊದಲಾದವುಗಳ ಲಸಿಕೆ — ಇಷ್ಟೂ ಆದ ಮಗುವನ್ನು ಪೂರ್ಣ ಲಸಿಕೆ ಪಡೆದ ಮಗುವೆಂದು ಎಣಿಸುವುದು ವಾಡಿಕೆ. ಹಾಗೆಣಿಸಿದಾಗ 1992–93ರಲ್ಲಿ ನೂರಕ್ಕೆ ಸುಮಾರು 35, 1998–99ರಲ್ಲಿ 42, 2005–06ರಲ್ಲಿ 43.5, 2015–16ರಲ್ಲಿ 62, 2019–21ರಲ್ಲಿ 76.4 ಎಂದು ಕಂಡುಬಂದಿತು. ಕರ್ನಾಟಕದಲ್ಲಿ ಕಡೆಯ ಎರಡು ಸಮೀಕ್ಷೆಗಳ ನಡುವೆ 62.6ರಿಂದ 84.1ಕ್ಕೆ ಏರಿತು. ಇದು ಅಲ್ಪವಾದ ಸಾಧನೆಯಲ್ಲ.

ಆದರೆ ಅಂಕಿಯ ಒಳಗನ್ನೂ ಸ್ವಲ್ಪ ನೋಡಬೇಕು. 2019–21ರ ಅದೇ ಸಮೀಕ್ಷೆಯಲ್ಲಿ ಹುಟ್ಟಿದೊಡನೆ ಹಾಕುವ ಬಿ.ಸಿ.ಜಿ. ನೂರಕ್ಕೆ 95 ಮಕ್ಕಳಿಗೆ ಆಗಿತ್ತು; ಎಲ್ಲ ಲಸಿಕೆಗಳೂ ಆದವರು 76 ಮಂದಿ. ಹಾಗಾದರೆ 19 ಮಂದಿ ಒಮ್ಮೆ ಬಂದು ದಾರಿಯಲ್ಲಿ ಎಲ್ಲಿಯೋ ಕಳಚಿಕೊಂಡರು. ಉಳಿದ ಐವರು ಮೊದಲ ಲಸಿಕೆಯನ್ನೇ ಕಂಡಿರಲಿಲ್ಲ. ಇವೆರಡೂ ಬೇರೆಬೇರೆ ಕೊರತೆಗಳು, ಪರಿಹಾರಗಳೂ ಬೇರೆ. ಕಳಚಿಕೊಂಡ ಮಗುವಿನ ಹೆಸರು ಪುಸ್ತಕದಲ್ಲಿದೆ; ದಾದಿಯು ಹೋಗಿ ಕರೆತರಬಹುದು. ಬಾರದೆಯೇ ಉಳಿದ ಮಗುವಿಗೆ ಹೆಸರೇ ಇಲ್ಲ. ಜಗತ್ತಿನ ಲೆಕ್ಕವನ್ನು ವರ್ಷವರ್ಷವೂ ತೂಗಿನೋಡುವ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಂಸ್ಥೆಗಳು ಗಂಟಲಮಾರಿಯ ಮೊದಲ ಲಸಿಕೆಯೂ ದೊರೆಯದ ಮಕ್ಕಳನ್ನು ಪ್ರತ್ಯೇಕವಾಗಿ ಎಣಿಸುತ್ತವೆ. 2025ರಲ್ಲಿ ಅವು ಪ್ರಕಟಿಸಿದ ಅಂದಾಜಿನಂತೆ 2024ರಲ್ಲಿ ಅಂಥ ಮಕ್ಕಳು ಜಗತ್ತಿನಲ್ಲಿ ಸುಮಾರು 1 ಕೋಟಿ 43 ಲಕ್ಷ. ಭಾರತದಲ್ಲಿ ಸುಮಾರು 9 ಲಕ್ಷ.

ಒಂಬತ್ತು ಲಕ್ಷವೆಂದರೆ ನಮ್ಮ ಜನಸಂಖ್ಯೆಗೆ ಸ್ವಲ್ಪವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಆ ಮಕ್ಕಳು ದೇಶದಲ್ಲೆಲ್ಲಾ ಸಮನಾಗಿ ಚೆದರಿದ್ದರೆ ಅಪಾಯವು ಅಷ್ಟು ದೊಡ್ಡದಾಗಿರುತ್ತಿರಲಿಲ್ಲ. ಅವರು ಒಂದೆಡೆ ಗುಂಪಾಗಿರುವುದೇ ಕಷ್ಟ. ದಡಾರವು ಅತ್ಯಂತ ವೇಗವಾಗಿ ಹಬ್ಬುವ ರೋಗ. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ತಗಲುತ್ತದೆ. ಅದನ್ನು ತಡೆಯಲು ನೂರಕ್ಕೆ 95 ಮಂದಿಗೆ ಎರಡು ಲಸಿಕೆಗಳೂ ಆಗಿರಬೇಕೆಂದು ತಜ್ಞರ ಮತ. ಸಮಾನ ಗಾತ್ರದ ಹತ್ತು ಊರುಗಳಲ್ಲಿ ಒಂಬತ್ತರಲ್ಲಿ ಎಲ್ಲರಿಗೂ, ಹತ್ತನೆಯದರಲ್ಲಿ ಅರ್ಧದಷ್ಟು ಮಕ್ಕಳಿಗೆ ಮಾತ್ರ ಲಸಿಕೆಯಾಗಿದೆಯೆಂದು ಇಟ್ಟುಕೊಳ್ಳಿ. ಸರಾಸರಿ ಸರಿಯಾಗಿ 95. ಗುರಿ ಮುಟ್ಟಿತೆಂದು ಕಚೇರಿಯಲ್ಲಿ ಕಡತವನ್ನು ಕಟ್ಟಿಡಬಹುದು. ಹತ್ತನೆಯ ಊರಿನಲ್ಲಿ ದಡಾರಕ್ಕೆ ಅದು ತಿಳಿಯದು. 2022ರ ಕೊನೆಯಲ್ಲಿ ಮುಂಬಯಿ ನಗರದಲ್ಲಿ ನಡೆದದ್ದು ಇದೇ. ದೇಶದ ಅತ್ಯಂತ ಸಂಪನ್ನವಾದ ನಗರದಲ್ಲಿ, ಗೋವಂಡಿ ಮೊದಲಾದ ಕಿಕ್ಕಿರಿದ ಕೇರಿಗಳಲ್ಲಿ ದಡಾರ ಹೊತ್ತಿಕೊಂಡು ಮಕ್ಕಳು ತೀರಿಕೊಂಡರು. ರೋಗ ತಗಲಿದವರಲ್ಲಿ ಬಹು ಮಂದಿ ಲಸಿಕೆಯನ್ನು ಪಡೆಯದವರಾಗಿದ್ದರು.

ಹಾಗಾದರೆ ಎಣಿಸುವ ಸರಿಯಾದ ಕ್ರಮ ಯಾವುದು? ಪೋಲಿಯೋ ಯೋಜನೆಯು ಇದಕ್ಕೆ ಒಂದು ಉತ್ತರವನ್ನು ತೋರಿಸಿಕೊಟ್ಟಿದೆ. ಹನಿ ಹಾಕಿದ ಮಗುವಿನ ಎಡಗೈಯ ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದುದು ಎಲ್ಲರಿಗೂ ನೆನಪಿರಬಹುದು; ಹೋದ ಸಿಡುಬಿನ ಕಲೆಗೆ ಬದಲಾಗಿ ಬಂದ ತಾತ್ಕಾಲಿಕ ಕಲೆ ಅದು. ಅದರ ಜೊತೆಗೆ, ಮನೆಮನೆಗೆ ಹೋದ ತಂಡದವರು ಎಲ್ಲ ಮಕ್ಕಳಿಗೂ ಹನಿ ಆದ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ 'ಪಿ' ಎಂದೂ, ಮಗು ಊರಲ್ಲಿಲ್ಲದ, ಬೀಗ ಹಾಕಿದ, ಬೇಡವೆಂದ ಮನೆಯ ಮೇಲೆ 'ಎಕ್ಸ್' ಎಂದೂ ಗುರುತು ಮಾಡುತ್ತಿದ್ದರು. ಆ ದಿನದ ಕೆಲಸ 'ಪಿ' ಮನೆಗಳಿಂದ ಮುಗಿಯುತ್ತಿರಲಿಲ್ಲ. 'ಎಕ್ಸ್' ಮನೆಗಳ ಪಟ್ಟಿ ಹಿಡಿದು ಮತ್ತೆಮತ್ತೆ ಹೋಗಬೇಕಾಗಿತ್ತು. ಇಟ್ಟಿಗೆಯ ಗೂಡು, ಕಟ್ಟಡದ ಕೆಲಸ, ಅಲೆಮಾರಿಗಳ ಬಿಡಾರ ಇವುಗಳಿಗೂ ಬೇರೆ ಪಟ್ಟಿಗಳಾದವು. ಹಾಕಿದ್ದನ್ನು ಎಣಿಸುವುದರ ಬದಲು ಹಾಕದೆ ಉಳಿದದ್ದನ್ನು ಎಣಿಸುವುದು ಇದರ ಮರ್ಮ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡ ಮಗುವೇ ಭಾರತದ ಕೊನೆಯ ಸಹಜ ಪೋಲಿಯೋ ರೋಗಿಯಾಯಿತು. 2014ರ ಮಾರ್ಚಿಯಲ್ಲಿ ದೇಶಕ್ಕೆ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ಇನ್ನು ಹಿರಿಯರ ವಿಷಯ. ಮಗುವಿನ ಲೆಕ್ಕಕ್ಕೆ ಹುಟ್ಟಿದ ದಿನವೆಂಬ ಆರಂಭವುಂಟು. ದಾದಿಯ ಪುಸ್ತಕವೂ ತಾಯಿಯ ಕಾರ್ಡೂ ಅಲ್ಲಿಂದ ಹೊರಡುತ್ತವೆ. ಅರವತ್ತು ದಾಟಿದವರ ಹೆಸರನ್ನು ಲಸಿಕೆಗಾಗಿ ಬರೆದಿಡುವ ಪುಸ್ತಕ ನಮ್ಮಲ್ಲಿ ವಾಡಿಕೆಯಾಗಿ ಇರಲಿಲ್ಲ. ಇನ್‌ಫ್ಲುಯೆಂಜಾ, ನ್ಯುಮೋನಿಯಾಗಳು ವೃದ್ಧಾಪ್ಯದಲ್ಲಿ ಪ್ರಾಣಾಂತಿಕವಾಗುವುದು ವೈದ್ಯರಿಗೆ ತಿಳಿದದ್ದೇ. ಆದರೂ 2017–18ರಲ್ಲಿ ನಡೆದ, ವಯೋವೃದ್ಧಿಯನ್ನು ಕುರಿತ ರಾಷ್ಟ್ರೀಯ ಸಮೀಕ್ಷೆಯಲ್ಲಿ 45 ವರ್ಷ ದಾಟಿದವರ ಪೈಕಿ ಇವೆರಡರಲ್ಲಿ ಯಾವೊಂದರ ವಿರುದ್ಧವಾದ ಲಸಿಕೆಯನ್ನಾದರೂ ಪಡೆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಖಾಸಗಿ ವೈದ್ಯರಲ್ಲಿ ಹಣಕೊಟ್ಟು ಹಾಕಿಸಿಕೊಂಡ ಲಸಿಕೆಯು ಬಹುಮಟ್ಟಿಗೆ ಸಾರ್ವಜನಿಕ ಲೆಕ್ಕಕ್ಕೆ ಸೇರುವುದೂ ಇಲ್ಲ. ಅಲ್ಲದೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ವರ್ಷವರ್ಷವೂ ಹಾಕಿಸಿಕೊಳ್ಳಬೇಕಾದುದರಿಂದ ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಬಾರದು.

ಇಂಗ್ಲೆಂಡಿನಲ್ಲಿ ಈ ಲೆಕ್ಕ ಸುಲಭ. ಅಲ್ಲಿ ಪ್ರತಿಯೊಬ್ಬರ ಹೆಸರೂ ಒಬ್ಬ ಕುಟುಂಬವೈದ್ಯರ ಪಟ್ಟಿಯಲ್ಲಿರುವುದು ಪದ್ಧತಿ. 65 ದಾಟಿದವರೆಷ್ಟು, ಚಳಿಗಾಲದಲ್ಲಿ ಲಸಿಕೆ ಹಾಕಿಸಿಕೊಂಡವರೆಷ್ಟು ಎಂಬುದು ಆ ಪಟ್ಟಿಯಿಂದಲೇ ಬರುತ್ತದೆ. ಹಿರಿಯರಲ್ಲಿ ನೂರಕ್ಕೆ 75 ಮಂದಿಯನ್ನು ಮುಟ್ಟಬೇಕೆಂದು ವಿಶ್ವ ಆರೋಗ್ಯ ಸಭೆಯು 2003ರಲ್ಲಿ ಗುರಿಯಿಟ್ಟಿತು. ಇಂಗ್ಲೆಂಡಿನಲ್ಲಿ 2020–21ರ ಚಳಿಗಾಲದಲ್ಲಿ ಅದು 80ನ್ನು ಮೀರಿತು. ಆ ಪಟ್ಟಿಯೂ ನಿರ್ದೋಷವಲ್ಲ. ಊರು ಬಿಟ್ಟವರ, ತೀರಿಹೋದವರ ಹೆಸರುಗಳು ಅಳಿಸದೆ ಉಳಿದು ಛೇದವನ್ನು ಹಿಗ್ಗಿಸುತ್ತವೆ. ಆದರೆ ಹೆಚ್ಚಿಗೆ ಹೆಸರಿರುವ ಪಟ್ಟಿಯನ್ನು ತಿದ್ದಬಹುದು. ಪಟ್ಟಿಯೇ ಇಲ್ಲದಿದ್ದರೆ ತಿದ್ದುವುದೇನನ್ನು?

ನಮ್ಮ ಹಿರಿಯರನ್ನು ಹೆಸರು ಹಿಡಿದು ಎಣಿಸುವ ಸಂದರ್ಭವನ್ನು ಕೋವಿಡ್ ಪಿಡುಗು ತಂದಿತು. 2021ರ ಮಾರ್ಚಿ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಆರಂಭವಾಯಿತು. ಕೋ-ವಿನ್ ಎಂಬ ಯಂತ್ರದಾಖಲೆಯಲ್ಲಿ ಎಲ್ಲ ವಯಸ್ಸಿನವರದೂ ಸೇರಿ 220 ಕೋಟಿ ಲಸಿಕೆಗಳು ಹೆಸರು ದಿನಾಂಕಗಳೊಡನೆ ದಾಖಲಾದವು. ಅಂಶವು ಇಷ್ಟು ಖಚಿತವಾಗಿ ಹಿಂದೆಂದೂ ಸಿಕ್ಕಿರಲಿಲ್ಲ. ಆದರೂ ಅರವತ್ತು ದಾಟಿದವರು ದೇಶದಲ್ಲಿ ಒಟ್ಟು ಎಷ್ಟು ಎಂಬುದು ಹಳೆಯ ಗಣತಿಯಿಂದ ಹಿಗ್ಗಿಸಿದ, ಸುಮಾರು 13 ಕೋಟಿ 80 ಲಕ್ಷವೆಂಬ ಅಂದಾಜೇ ಆಗಿತ್ತು. ಹಾಸಿಗೆ ಹಿಡಿದವರು ಯಂತ್ರದ ಮುಂದೆ ಬರಲಾರರು. ಅಂಥವರನ್ನು ಹುಡುಕಿಕೊಂಡು ಅದೇ ವರ್ಷ ನವೆಂಬರಿನಲ್ಲಿ ಮನೆಮನೆಗೆ ಹೋಗಬೇಕಾಯಿತು. ಮಕ್ಕಳಿಗಾಗಿ 2023ರಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಯು-ವಿನ್ ಎಂಬ ದಾಖಲೆಗೂ ಇದೇ ಮಾತು ಅನ್ವಯಿಸುತ್ತದೆ. ಊರು ಬಿಟ್ಟು ಊರಿಗೆ ಹೋದ ಮಗುವಿನ ಲೆಕ್ಕವನ್ನು ಅದು ಕೈಬಿಡದೆ ಹಿಡಿಯಬಲ್ಲುದು. ಒಮ್ಮೆಯೂ ಬರೆಸದ ಹೆಸರನ್ನು ಯಾವ ಯಂತ್ರವೂ ತಾನಾಗಿ ಬರೆದುಕೊಳ್ಳಲಾರದು. 2019–21ರಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಜನನ ನೋಂದಣಿಯಾದವರು ನೂರಕ್ಕೆ 89 ಮಂದಿ ಮಾತ್ರ ಎಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಇಷ್ಟನ್ನು ಕೇಳಿದವರು ಮಾಡಬಹುದಾದ ಕೆಲಸವೂ ಒಂದಿದೆ. ಮಕ್ಕಳ ಕಾರ್ಡನ್ನು ಮನೆಯ ಪತ್ರಗಳ ಜೊತೆಯಲ್ಲಿ ಜೋಪಾನವಾಗಿಡಿ. ಮನೆಯ ಹಿರಿಯರಿಗೆ ಹಾಕಿಸಿದ ಲಸಿಕೆಯನ್ನೂ ದಿನಾಂಕವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ವಿಚಾರಿಸಲು ಬಂದವರಿಗೆ ಇದ್ದುದನ್ನು ಇದ್ದಂತೆ ಹೇಳಿ. ಆಗಿಲ್ಲವೆನ್ನಲು ನಾಚಬೇಕಾದ್ದಿಲ್ಲ, ಆಗಿಲ್ಲವೆಂಬ ಉತ್ತರವೇ ಅವರಿಗೆ ಹೆಚ್ಚು ಬೇಕಾದದ್ದು. ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡದ ಮಗ್ಗುಲಲ್ಲಿ ತಗಡಿನ ಜೋಪಡಿಯಿದ್ದು, ಅಲ್ಲಿ ಕೂಸೊಂದು ಮರಳಿನ ಮೇಲೆ ಆಡುತ್ತಿದ್ದರೆ, ಆ ಕೂಸಿನ ಹೆಸರು ಆರೋಗ್ಯ ಕೇಂದ್ರದ ಪುಸ್ತಕದಲ್ಲಿದೆಯೇ ಎಂದು ಒಮ್ಮೆ ಅದರ ತಾಯಿಯನ್ನು ಕೇಳಿ. ನೂರಕ್ಕೆ ಇಷ್ಟೆಂಬ ಅಂಕಿಯನ್ನು ಇನ್ನು ಮುಂದೆ ಓದುವಾಗ, ನೂರರಲ್ಲಿ ಈ ಮಗುವನ್ನು ಸೇರಿಸಿದ್ದಾರೆಯೇ ಎಂಬ ಪ್ರಶ್ನೆಯು ನಿಮ್ಮ ಮನಸ್ಸಿಗೆ ಬಂದರೆ ಈ ಭಾಷಣದ ಉದ್ದೇಶ ಈಡೇರಿದಂತೆ.